ಕಾರು ಮಾಲೀಕರ ಸಿಟ್ಟಿಗೆ ಐವತ್ತು ವರ್ಷ

ಡ್ಯಾಶ್‌ಬೋರ್ಡಿನ ಮೇಲೆ ಇಂಜಿನ್ ಆಕಾರದ ಹಳದಿ ದೀಪ ಹತ್ತಿತೆಂದರೆ ಬೈಯುವುದಕ್ಕೆ ಕಾರಿನವರ ಬಳಿ ಎರಡು ಹೆಸರು ಸಿದ್ಧವಾಗಿರುತ್ತವೆ. ಒಂದು ಹೊಗೆ ನಿಯಂತ್ರಣದ ಕಾನೂನು, ಇನ್ನೊಂದು ಸೈಲೆನ್ಸರ್ ಕೊಳವೆಗೆ ತಿರುಗಿಸಿ ಕೂರಿಸಿರುವ ಆಕ್ಸಿಜನ್ ಸೆನ್ಸರ್. ಗಾಡಿ ಓಡುತ್ತಿದೆ, ಪಿಕಪ್ ಇದೆ, ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಗ್ಯಾರೇಜಿಗೆ ಹೋಗಿ ಸಾವಿರಾರು ರೂಪಾಯಿ ತೆತ್ತು ಬರಬೇಕು. ಈ ಸಿಟ್ಟು ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ವಯಸ್ಸಾಗಿದೆ. ಹೊಗೆ ನಿಯಂತ್ರಣದ ಚರಿತ್ರೆಯನ್ನು ವಿಜ್ಞಾನಿಗಳ ಸಾಧನೆಯಾಗಿ ಬರೆಯುವುದು ರೂಢಿ. ಅದನ್ನೇ ಮಾಲೀಕರ ದೂರುಗಳ ಕಡೆಯಿಂದ ಓದಿದರೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ. ಆ ದೂರುಗಳು ಬಹುಮಟ್ಟಿಗೆ ನಿಜವಾಗಿದ್ದವು. ಆದರೆ ಮಾಲೀಕರು ಬೇಡುತ್ತಿದ್ದ ಪರಿಹಾರ, ಅಂದರೆ ನಿಯಮ ಸಡಿಲಿಸುವುದು ಅಥವಾ ಉಪಕರಣವನ್ನೇ ಕಿತ್ತುಹಾಕುವುದು, ಆ ದೂರುಗಳನ್ನು ತೀರಿಸಲಿಲ್ಲ. ತೀರಿಸಿದ್ದು ಹೆಚ್ಚಾಗಿ ಮೊದಲಿನದಕ್ಕಿಂತ ಬಿಗಿಯಾದ ನಿಯಮ.

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣು ಉರಿಸುವ ಮಬ್ಬು ಕವಿದಾಗ, ಯುದ್ಧಕಾಲವಾದ್ದರಿಂದ, ಜಪಾನೀಯರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದ್ದರು. ಆಮೇಲೆ ಗುಮಾನಿ ಕೃತಕ ರಬ್ಬರಿನ ಕಚ್ಚಾವಸ್ತು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ತಿರುಗಿತು. ಕೊನೆಗೆ ಉತ್ತರ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳದ ರಸಾಯನಗಳನ್ನು ಬೇರ್ಪಡಿಸುತ್ತಿದ್ದ ಡಚ್ ಮೂಲದ ಆರೀ ಹಾಗನ್-ಸ್ಮಿಟ್ ಅದೇ ಕೈಚಳಕವನ್ನು ಊರಿನ ಗಾಳಿಯ ಮೇಲೆ ಪ್ರಯೋಗಿಸಿದರು. ಸುಡದೆ ಉಳಿದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಮಾಲಿನ್ಯವೆಂದರೆ ಕಾರ್ಖಾನೆಯ ಚಿಮಣಿ. ಬೈಯಲು ಒಬ್ಬ ದೂರದ ಧಣಿ ಇರುತ್ತಿದ್ದ. ಈಗ ಆರೋಪಿಯ ಸ್ಥಾನದಲ್ಲಿ ನಿಂತದ್ದು ಪ್ರತಿ ಮನೆಯ ಮುಂದಿನ ಕಾರು. ಅದೇ ಗಾಳಿಯನ್ನು ಉಸಿರಾಡಿ ಕೆಮ್ಮುವವನೂ ಆ ಕಾರಿನವನೇ. ಮುಂದೆ ಬಂದ ಎಲ್ಲ ದೂರುಗಳಲ್ಲಿ ಕಾಣುವ ಇಬ್ಬಂದಿತನದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ: ಶುದ್ಧ ಗಾಳಿ ಎಲ್ಲರಿಗೂ ಬೇಕು, ಅದಕ್ಕಾಗಿ ನನ್ನ ಇಂಜಿನ್ ಮುಟ್ಟಬೇಡಿ.

1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶುದ್ಧ ಗಾಳಿ ಕಾಯ್ದೆ ಇಂಜಿನ್ನನ್ನು ಮುಟ್ಟಿಯೇ ಮುಟ್ಟಿತು. ಸೆನೆಟರ್ ಎಡ್ಮಂಡ್ ಮಸ್ಕಿ ಮುಂದೆ ನಿಂತು ರೂಪಿಸಿದ ಈ ಕಾಯ್ದೆ, ಐದಾರು ವರ್ಷದೊಳಗೆ ಹೊಸ ಕಾರುಗಳ ಹೊಗೆಯ ಮೂರು ಮುಖ್ಯ ವಿಷಗಳನ್ನು ಶೇ 90ರಷ್ಟು ಇಳಿಸಬೇಕೆಂದಿತು. ಆಗದ ಮಾತು ಎಂದು ಕಂಪನಿಗಳು ಹೇಳಿದವು. 1973ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ವಿಲಿಯಂ ರಕಲ್‌ಸ್‌ಹೌಸ್ ಒಂದು ವರ್ಷದ ಗಡುವು ವಿಸ್ತರಿಸಿ, ನಡುವಿನ ಕಾಲಕ್ಕೆ ಸಡಿಲವಾದ ಮಿತಿಗಳನ್ನು ಕೊಟ್ಟರು. ಆ ಹೊತ್ತಿನಲ್ಲಿ ಬೀದಿಗಿಳಿದ 1973 ಮತ್ತು 1974ರ ಕಾರುಗಳೇ ಮಾಲೀಕರ ಸಿಟ್ಟಿಗೆ ಅಡಿಪಾಯ ಹಾಕಿದವು. ಹೊಸ ತಂತ್ರ ಕೈಯಲ್ಲಿಲ್ಲದ ಇಂಜಿನಿಯರುಗಳು ಹಳೆಯ ಇಂಜಿನ್ನಿನ ಕತ್ತು ಹಿಸುಕಿದರು. ಕಿಡಿ ಹೊತ್ತುವ ಗಳಿಗೆಯನ್ನು ತಡಮಾಡಿದರು, ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಸಿಲಿಂಡರಿಗೇ ಕಳಿಸಿದರು, ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಪಾಲು ಕಡಿಮೆ ಮಾಡಿದರು, ಸೈಲೆನ್ಸರಿಗೆ ಗಾಳಿ ಊದಲು ಬೆಲ್ಟಿನಿಂದ ತಿರುಗುವ ಪಂಪು ಕಟ್ಟಿದರು. ಬೆಳಿಗ್ಗೆ ಸ್ಟಾರ್ಟ್ ಆಗದ, ಸಿಗ್ನಲ್ಲಿನಲ್ಲಿ ಆಫ್ ಆಗುವ, ಏರಿನಲ್ಲಿ ಎಳೆಯದ, ಪೆಟ್ರೋಲ್ ಕುಡಿಯುವ ಕಾರು ಹೀಗೆ ತಯಾರಾಯಿತು. ಇದರ ನಡುವೆಯೇ 1973ರ ತೈಲ ಬಿಕ್ಕಟ್ಟು ಬಂತು. ಇಂಜಿನ್ನಿನ ಅಶ್ವಶಕ್ತಿ ಇಳಿದದ್ದರಲ್ಲಿ ಒಂದು ಪಾಲು ಕಾಗದದ ಮೇಲಿನದು. ಆ ವರ್ಷಗಳಲ್ಲೇ ಅಳೆಯುವ ಪದ್ಧತಿ ಬದಲಾಗಿ ಹಳೆಯ ಉಬ್ಬಿದ ಅಂಕಿಗಳು ಕೆಳಗಿಳಿದಿದ್ದವು. ಉಳಿದ ಪಾಲು ನಿಜ. ಆ ಕಾರುಗಳ ಮಾಲೀಕರು ಕೊರಗಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಹೊಗೆ ನಿಯಮವೇ ಕಾರನ್ನು ಕೆಡಿಸಿತಲ್ಲ ಎಂದು ಕೇಳಬಹುದು. 1975ರ ಮಾದರಿಗಳು ಈ ಪ್ರಶ್ನೆಗೆ ಉತ್ತರವಾಗಿ ನಿಂತಿವೆ. ಆ ವರ್ಷ ಮಿತಿಗಳು ಇನ್ನಷ್ಟು ಬಿಗಿಯಾದವು, ಅದೇ ವರ್ಷ ಮೈಲೇಜು ಏರಿತು. ಬಹುಪಾಲು ಅಮೆರಿಕನ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದೇ ಕಾರಣ. ಜೇನುಗೂಡಿನಂಥ ರಂಧ್ರಗಳುಳ್ಳ ಪಿಂಗಾಣಿಯ ಮೇಲೋ ಸಣ್ಣ ಗುಂಡುಗಳ ಮೇಲೋ ಬಳಿದ ಪ್ಲಾಟಿನಂ ಮತ್ತು ಪಲ್ಲಾಡಿಯಂ, ಇಂಜಿನ್ನಿನಿಂದ ಹೊರಬಿದ್ದ ಹೊಗೆಯನ್ನು ದಾರಿಯಲ್ಲೇ ಶುದ್ಧಮಾಡತೊಡಗಿದಾಗ, ಇಂಜಿನ್ನಿನ ಕತ್ತು ಹಿಸುಕುವ ಅಗತ್ಯ ಕಡಿಮೆಯಾಯಿತು. ಕಿಡಿಯನ್ನು ಮತ್ತೆ ಸರಿಯಾದ ಗಳಿಗೆಗೆ ತರಬಹುದಾಯಿತು. ಕನ್ವರ್ಟರ್ ಇಲ್ಲದೆಯೇ ಅದೇ ಮಿತಿ ಮುಟ್ಟಬಹುದೆಂದು ಹೋಂಡಾ ಕಂಪನಿ ತನ್ನ ಸಿವಿಸಿಸಿ ಇಂಜಿನ್ನಿನಿಂದ ತೋರಿಸಿತು, ಆಗದು ಎಂದವರ ಬಾಯಿಗೆ ಅಲ್ಲಿಗೆ ಬೀಗ ಬಿತ್ತು. ಆದರೆ ಕನ್ವರ್ಟರಿಗೆ ಸೀಸ ಶತ್ರು. ಸೀಸ ಬೆರೆತ ಪೆಟ್ರೋಲ್ ಕೆಲವು ಟ್ಯಾಂಕ್ ಹೋಯಿತೆಂದರೆ ಪ್ಲಾಟಿನಂ ಮೇಲೆ ಪದರ ಕಟ್ಟಿ ಅದನ್ನು ನಿರುಪಯೋಗಿ ಮಾಡುತ್ತದೆ. ಅದಕ್ಕೆಂದೇ 1974ರ ಜುಲೈನಿಂದ ಅಲ್ಲಿನ ಬಂಕುಗಳಲ್ಲಿ ಸೀಸರಹಿತ ಪೆಟ್ರೋಲ್ ಸಿಗುವಂತಾಯಿತು, ಹೊಸ ಕಾರುಗಳ ಟ್ಯಾಂಕಿನ ಬಾಯಿಯನ್ನು ಸೀಸದ ಪೆಟ್ರೋಲಿನ ದಪ್ಪ ನಳಿಕೆ ಹೋಗದಂತೆ ಕಿರಿದು ಮಾಡಿದರು. ಜನ ಏನು ಮಾಡಿದರು? ಆಲಿಕೆ ಇಟ್ಟು ಸುರಿದುಕೊಂಡರು, ಬಾಯಿಯ ತಡೆಯನ್ನು ಒಡೆದು ಅಗಲ ಮಾಡಿದರು. ಇನ್ನು ಕೆಲವರು ಕನ್ವರ್ಟರನ್ನೇ ಬಿಚ್ಚಿ ಅಲ್ಲಿಗೊಂದು ಬರಿ ಕೊಳವೆ ಹಾಕಿಸಿದರು. ಗ್ಯಾಲನ್ನಿಗೆ ಕೆಲವು ಸೆಂಟ್ ಉಳಿಸುವುದೊಂದು ಕಾರಣ, ಕಿತ್ತರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಇನ್ನೊಂದು. 1974ರ ಕಾರಿನಿಂದ ಹುಟ್ಟಿದ ಸಿಟ್ಟನ್ನು 1975ರ ಕಾರಿನ ಮೇಲೆ ತೀರಿಸಿಕೊಂಡಂತಾಯಿತು. ಕಾನೂನೂ ಅಷ್ಟೇ ಹಟದಿಂದ ಬೆನ್ನಟ್ಟಿತು. ಉಪಕರಣ ಕೀಳಬಾರದೆಂಬ ನಿಷೇಧ ಮೊದಲು ತಯಾರಕರಿಗೂ ಡೀಲರುಗಳಿಗೂ ಮಾತ್ರವಿತ್ತು. 1977ರಲ್ಲಿ ಗ್ಯಾರೇಜುಗಳಿಗೆ ಹಬ್ಬಿತು, 1990ರಲ್ಲಿ ಕಾರಿನ ಮಾಲೀಕನಿಗೂ ಅನ್ವಯವಾಯಿತು.

ಈ ಮೊದಲ ಕನ್ವರ್ಟರಿಗೆ ನೈಟ್ರೋಜನ್ ಆಕ್ಸೈಡನ್ನು ತೊಡೆಯಲು ಬರುತ್ತಿರಲಿಲ್ಲ. ಮೂರೂ ವಿಷಗಳನ್ನು ಒಂದೇ ಡಬ್ಬಿಯಲ್ಲಿ ಕಳೆಯಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸೇರಬೇಕು, ಅದೂ ಕೂದಲೆಳೆಯಷ್ಟೇ ಆಚೀಚೆ ಸರಿಯುವಂತೆ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ, ಇಂಜಿನ್ನಿನ ಸದ್ದು ಕೇಳಿ ಟ್ಯೂನ್ ಮಾಡುವ ಎಂಥ ಪಳಗಿದ ಮೆಕ್ಯಾನಿಕ್ಕಿಗೂ ಅದು ಅಸಾಧ್ಯ. ಚಳಿಗೆ, ಬೆಟ್ಟಕ್ಕೆ, ಸವೆತಕ್ಕೆ ತಕ್ಕಂತೆ ಗಳಿಗೆ ಗಳಿಗೆಗೂ ಅದು ಬದಲಾಗಬೇಕು. ಆಕ್ಸಿಜನ್ ಸೆನ್ಸರ್ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಅದರ ಹಿಂದಿನ ತತ್ತ್ವ ಹಳೆಯದು, 1889ರಲ್ಲಿ ವಾಲ್ಟರ್ ನರ್ನ್‌ಸ್ಟ್ ಬರೆದ ಸಮೀಕರಣ. ಪ್ಲಾಟಿನಂ ಲೇಪಿಸಿದ ಜಿರ್ಕೋನಿಯಾ ಪಿಂಗಾಣಿಯ ಒಂದು ಪುಟ್ಟ ಬಿರಡೆ. ಒಳಗೆ ಹೊರಗಿನ ಗಾಳಿ, ಹೊರಮೈಗೆ ಸುಟ್ಟ ಹೊಗೆ. ಸುಮಾರು 300 ಡಿಗ್ರಿಗೂ ಮೇಲೆ ಕಾದಾಗ ಎರಡು ಕಡೆಯ ಆಮ್ಲಜನಕದ ವ್ಯತ್ಯಾಸ ವಿದ್ಯುತ್ತಾಗಿ ತೋರುತ್ತದೆ: ಪೆಟ್ರೋಲ್ ಹೆಚ್ಚಿದ್ದರೆ 0.9 ವೋಲ್ಟಿನ ಹತ್ತಿರ, ಗಾಳಿ ಹೆಚ್ಚಿದ್ದರೆ 0.1ರ ಹತ್ತಿರ. ಜರ್ಮನಿಯ ಬಾಷ್ ಕಂಪನಿ ಇದನ್ನು ಕಾರಿನ ಹೊಡೆತ ತಡೆದುಕೊಳ್ಳುವ ಸರಕಾಗಿ ಮಾಡಿ 1976ರಲ್ಲಿ ತಯಾರಿಕೆಗೆ ಇಳಿಸಿತು. ವೋಲ್ವೋ ಕಂಪನಿಯ ಸ್ಟೀಫನ್ ವಾಲ್‌ಮನ್ ನೇತೃತ್ವದ ತಂಡ ಅದನ್ನು ಮೂರು ಕೆಲಸದ ಕನ್ವರ್ಟರಿನೊಂದಿಗೆ ಜೋಡಿಸಿ, 1977ರ ಮಾದರಿಯ 240 ಕಾರನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿತು. ಅದರ ಹೊಗೆ ಆಗಿನ ಕಠಿಣ ಮಿತಿಗಿಂತಲೂ ಎಷ್ಟೋ ಕೆಳಗಿತ್ತು. ಗಾಡಿ ಸೊರಗಿರಲಿಲ್ಲ, ಪೆಟ್ರೋಲನ್ನು ಹೆಚ್ಚು ಕುಡಿಯುತ್ತಲೂ ಇರಲಿಲ್ಲ. ಇಂದು ಎಲ್ಲರಿಂದ ಬೈಸಿಕೊಳ್ಳುವ ಈ ಸೆನ್ಸರು 1974ರ ಮಾಲೀಕನ ದೂರುಗಳಿಗೆಲ್ಲ ಸಿಕ್ಕ ಪರಿಹಾರ ಎಂಬುದನ್ನು ಒತ್ತಿ ಹೇಳಬೇಕು. ಮಾಲೀಕ ಕೇಳಿದ್ದು ಸಡಿಲಿಕೆ, ಅವನ ಕಷ್ಟ ಕಳೆದದ್ದು ನಿಖರತೆ.

ಆ ನಿಖರತೆ ಅಮೆರಿಕದ ಮಾಮೂಲಿ ಕಾರಿಗೆ ಇಳಿಯುವಾಗ ಅಂದಗೆಟ್ಟಿತು ಎನ್ನುವುದನ್ನೂ ಒಪ್ಪಬೇಕು. 1981ರಲ್ಲಿ ನೈಟ್ರೋಜನ್ ಆಕ್ಸೈಡಿನ ಮಿತಿ ಮೈಲಿಗೆ ಒಂದು ಗ್ರಾಂಗೆ ಇಳಿದಾಗ ಸೆನ್ಸರ್ ಬಹುತೇಕ ಅನಿವಾರ್ಯವಾಯಿತು. ಪೆಟ್ರೋಲ್ ಇಂಜೆಕ್ಷನ್‌ಗೆ ಹಣ ಹಾಕಲು ಮನಸ್ಸಿಲ್ಲದ ಕಂಪನಿಗಳು ಹಳೆಯ ಕಾರ್ಬೊರೇಟರಿಗೇ ವಿದ್ಯುತ್ ಕವಾಟ ಸಿಕ್ಕಿಸಿ, ಕಂಪ್ಯೂಟರ್ ಜೋಡಿಸಿ, ನಡುವೆ ರಬ್ಬರ್ ಪೈಪುಗಳ ಕಾಡನ್ನೇ ಬೆಳೆಸಿದವು. ಒಂದು ಪೈಪು ಬಿರುಕು ಬಿಟ್ಟರೂ ಗಾಡಿ ನಡುಗುತ್ತಿತ್ತು. ಇನ್ನೊಂದು ಅಪಚಾರ ದೀಪದ್ದು. ಆಗಿನ ಹಲವು ಕಾರುಗಳಲ್ಲಿ ಸೆನ್ಸರ್ ದೀಪಕ್ಕೂ ಸೆನ್ಸರಿನ ಆರೋಗ್ಯಕ್ಕೂ ಸಂಬಂಧವೇ ಇರಲಿಲ್ಲ. ಗಾಡಿ ಇಂತಿಷ್ಟು ದೂರ, ಸಾಮಾನ್ಯವಾಗಿ 30,000 ಮೈಲಿ, ಓಡಿದೊಡನೆ ಮೀಟರಿನೊಳಗಿನ ಎಣಿಕೆಯ ಗುಂಡಿ ಅದನ್ನು ಹತ್ತಿಸುತ್ತಿತ್ತು. ಸೆನ್ಸರ್ ಬದಲಿಸಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಆರುತ್ತಿತ್ತು; ಸೆನ್ಸರ್ ಬದಲಿಸದೆ ಗುಂಡಿ ಮಾತ್ರ ತಿರುಗಿಸಿದರೂ ಆರುತ್ತಿತ್ತು. ದೀಪ ಸುಳ್ಳು ಹೇಳುತ್ತದೆ ಎಂದು ಒಂದು ತಲೆಮಾರಿನ ಮಾಲೀಕರೂ ಮೆಕ್ಯಾನಿಕ್ಕುಗಳೂ ಕಲಿತದ್ದು ಅಲ್ಲಿಂದ. ದೀಪ ನಿಜ ಹೇಳಲು ಶುರುಮಾಡಿದ ಮೇಲೂ ಆ ಪಾಠ ಮರೆಯಲಿಲ್ಲ.

ದೂರಿಗೆ ಮಣಿದರೆ ಏನಾಗುತ್ತದೆ ಎಂಬುದಕ್ಕೆ ಜನರಲ್ ಮೋಟಾರ್ಸ್‌ನ ಕ್ಯಾಡಿಲ್ಯಾಕ್ ಪ್ರಕರಣದಂಥ ಸಾಕ್ಷಿ ಇನ್ನೊಂದಿಲ್ಲ. 1991ರಿಂದ 1995ರ ಮಾದರಿಯ, 4.9 ಲೀಟರ್ ಇಂಜಿನ್ನಿನ ಕಾರುಗಳವು. ಎ.ಸಿ. ಹಾಕಿದಾಗ ಇಂಜಿನ್ ಆಫ್ ಆಗುತ್ತದೆಂಬ ದೂರು ಬಂದಿತ್ತು. ದುಬಾರಿ ಕಾರು ಕೊಂಡವರ ದೂರು. ಕಂಪನಿ ತಕ್ಷಣ ಕಿವಿಗೊಟ್ಟಿತು. ಎ.ಸಿ. ಚಾಲೂ ಆದೊಡನೆ ಪೆಟ್ರೋಲಿನ ಪಾಲು ಹೆಚ್ಚುವಂತೆ ಕಂಪ್ಯೂಟರ್ ಚಿಪ್ಪನ್ನು ಬದಲಿಸಿತು. ಇಂಜಿನ್ ಆಫ್ ಆಗುವುದು ನಿಂತಿತು, ಮಾಲೀಕರು ಸುಮ್ಮನಾದರು. ಸರ್ಕಾರಿ ಪರೀಕ್ಷೆ ನಡೆಯುತ್ತಿದ್ದುದು ಎ.ಸಿ. ಆರಿಸಿ, ಹಾಗಾಗಿ ಅಲ್ಲಿಯೂ ಗಾಡಿ ಪಾಸಾಗುತ್ತಿತ್ತು. ರಸ್ತೆಯಲ್ಲಿ ಮಾತ್ರ ಕಾರ್ಬನ್ ಮೊನಾಕ್ಸೈಡ್ ಮಿತಿಯ ಮೂರು ಪಟ್ಟಿನವರೆಗೆ ಹೋಗುತ್ತಿತ್ತು. 1995ರ ನವೆಂಬರಿನಲ್ಲಿ ಕಂಪನಿ 1.1 ಕೋಟಿ ಡಾಲರ್ ದಂಡವೂ ಸೇರಿ ಸುಮಾರು 4.5 ಕೋಟಿ ಡಾಲರಿನ ರಾಜಿಗೆ ಒಪ್ಪಿ, 4,70,000 ಕಾರುಗಳ ಹೊಣೆ ಹೊತ್ತುಕೊಂಡಿತು. ಇಪ್ಪತ್ತು ವರ್ಷದ ಅನಂತರ, 2015ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವಾಗನ್ ಡೀಸೆಲ್ ಮೋಸ ಇದಕ್ಕಿಂತ ಎಷ್ಟೋ ದೊಡ್ಡದು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳು. ಆದರೆ ಅಲ್ಲಿ ಮಾಲೀಕರಿಗೂ ಮೋಸವಾಗಿತ್ತು. ಕ್ಯಾಡಿಲ್ಯಾಕ್‌ನಲ್ಲಿ ಮಾಲೀಕರಿಗೆ ಬೇಕಾದದ್ದೇ ಸಿಕ್ಕಿತ್ತು, ಅದಕ್ಕೇ ಅದು ಹೆಚ್ಚು ಯೋಚಿಸುವಂತೆ ಮಾಡುತ್ತದೆ. ಆಫ್ ಆಗದಂತೆಯೂ ವಿಷ ಉಗುಳದಂತೆಯೂ ಇಂಜಿನ್ನನ್ನು ಸರಿಪಡಿಸುವುದು ದುಬಾರಿ, ಚಿಪ್ಪು ಅಗ್ಗ. ನಿಯಮದಲ್ಲಿ ಒಂದು ಸಂದು ಕಂಡಾಗ ಕಂಪನಿ ಅಗ್ಗದ್ದನ್ನು ಆರಿಸಿತು. ಮುಂದೆ ಅಮೆರಿಕದ ಪರೀಕ್ಷೆಯಲ್ಲಿ ಎ.ಸಿ. ಚಾಲೂ ಇಟ್ಟು ಓಡಿಸುವ ಭಾಗವೂ ಸೇರಿತು. ಅಲ್ಲಿಗೆ ಆ ಸಂದು ಮುಚ್ಚಿತು.

ಇಷ್ಟರಲ್ಲಿ ದೂರಿನ ಸ್ವರೂಪವೇ ಬದಲಾಗಿತ್ತು. ಗಾಡಿ ಎಳೆಯುವುದಿಲ್ಲ ಎನ್ನುತ್ತಿದ್ದವರು ಈಗ ಗಾಡಿಗೆ ಏನಾಗಿದೆಯೋ ತಿಳಿಯುವುದಿಲ್ಲ ಎನ್ನತೊಡಗಿದರು. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ, ದೋಷ ಕಂಡರೆ ಕಂಪ್ಯೂಟರೇ ಗುರುತಿಟ್ಟು ದೀಪ ಹತ್ತಿಸಬೇಕೆಂದು ಕಡ್ಡಾಯ ಮಾಡಿತ್ತು. ಆದರೆ ಒಂದೊಂದು ಕಂಪನಿಯದು ಒಂದೊಂದು ಸಂಕೇತ, ಒಂದೊಂದು ಆಕಾರದ ಪ್ಲಗ್ಗು. ಡೀಲರ್ ಬಳಿಯ ಪೆಟ್ಟಿಗೆ ಇಲ್ಲದೆ ಮೂಲೆಯ ಗ್ಯಾರೇಜಿನವನಿಗೆ ಅದು ಬ್ರಹ್ಮಲಿಪಿ. ಈ ಬೀಗ ತೆಗೆದದ್ದು ಗ್ರಾಹಕ ಕಾನೂನಲ್ಲ, ಬೈಸಿಕೊಳ್ಳುತ್ತಿದ್ದ ಅದೇ ಶುದ್ಧ ಗಾಳಿ ಕಾಯ್ದೆ. 1990ರ ತಿದ್ದುಪಡಿ, ಹೊಗೆಗೆ ಸಂಬಂಧಿಸಿದ ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕೆಂದಿತು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಹದಿನಾರು ಪಿನ್ನಿನ ಒಂದೇ ಬಗೆಯ ಪ್ಲಗ್ಗು, ಒಂದೇ ಸಂಕೇತಮಾಲೆ ಬಂದವು. ಇಂದು ಯಾರಾದರೂ ಅಗ್ಗದ ಸ್ಕ್ಯಾನರ್ ಕೊಂಡು ತನ್ನ ಕಾರಿನ ಕೋಡ್ ತಾನೇ ಓದಬಹುದಾದರೆ ಅದಕ್ಕೆ ಕಾರಣ ಹೊಗೆ ಕಾನೂನು.

ಓದಬಹುದು ಎಂದ ಮಾತ್ರಕ್ಕೆ ಅರ್ಥವಾಗಬೇಕೆಂದೇನಿಲ್ಲ. ಹೊಸ ಪದ್ಧತಿಯಲ್ಲಿ ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್. ಮುಂದಿನದು ಪೆಟ್ರೋಲಿನ ಪಾಲು ಸರಿಪಡಿಸುತ್ತದೆ, ಹಿಂದಿನದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾವಲು ಕಾಯುತ್ತದೆ. ಎರಡರ ಏರಿಳಿತ ಒಂದೇ ಬಗೆಯಾದರೆ ಪಿ0420 ಎಂಬ ಕುಖ್ಯಾತ ಕೋಡ್. ಕೋಡಿನಲ್ಲಿ ಸೆನ್ಸರಿನ ಹೆಸರು ಕಂಡೊಡನೆ ಸೆನ್ಸರ್ ಬದಲಿಸುವುದು ಗ್ಯಾರೇಜುಗಳ ಚಾಳಿ. ಸೈಲೆನ್ಸರಿನ ಸಂದಿನಲ್ಲಿ ಗಾಳಿ ನುಗ್ಗಿದ್ದರೂ, ಇನ್‌ಟೇಕ್ ಕೊಳವೆ ಬಿರಿದಿದ್ದರೂ, ಪ್ಲಗ್ ಮಿಸ್ ಹೊಡೆಯುತ್ತಿದ್ದರೂ, ಇಂಜಿನ್ ಆಯಿಲ್ ಸುಡುತ್ತಿದ್ದರೂ ಸೆನ್ಸರ್ ಅದನ್ನೇ ವರದಿ ಮಾಡುತ್ತದೆ. ಮನೆಗೆ ಹೊಗೆ ತುಂಬಿದಾಗ ಕೂಗಿಕೊಂಡ ನಾಯಿಯನ್ನು ಬದಲಿಸಿದಂತೆ ಹೊಸ ಸೆನ್ಸರ್ ಹಾಕಿದರೆ ತಿಂಗಳೊಳಗೆ ದೀಪ ಮತ್ತೆ ಹತ್ತುತ್ತದೆ, ಮಾಲೀಕ ಸೆನ್ಸರ್ ಕಂಪನಿಯನ್ನೇ ಕಳ್ಳ ಎನ್ನುತ್ತಾನೆ. ಸೆನ್ಸರುಗಳು ಸಾಯುವುದೇ ಇಲ್ಲವೆಂದಲ್ಲ. ಸೀಸ, ಗ್ಯಾಸ್ಕೆಟ್ಟಿಗೆ ಮೆತ್ತುವ ಸಿಲಿಕೋನ್ ಅಂಟು, ಸಿಲಿಂಡರಿಗೆ ಸೋರಿದ ಕೂಲೆಂಟ್ ಅವನ್ನು ಬೇಗ ಕೊಲ್ಲುತ್ತವೆ. ಇನ್ನು ಹಿಂದಿನ ಸೆನ್ಸರಿನ ಕೆಳಗೆ ಒಂದು ಟೊಳ್ಳು ನಟ್ಟು ಇಟ್ಟು, ಅದನ್ನು ಹೊಗೆಯ ದಾರಿಯಿಂದ ಮೇಲೆತ್ತಿ ಕೋಡ್ ಬರದಂತೆ ಮಾಡುವ ಉಪಾಯವಿದೆ. ಎಪ್ಪತ್ತರ ದಶಕದ ಆಲಿಕೆಯದೇ ವಂಶ.

ಬಿಗಿಯಾದ ನಿಯಮವೇ ಮಾಲೀಕನ ದೂರು ತೀರಿಸುತ್ತದೆ ಎಂಬ ವಾದಕ್ಕೆ ಎದುರಾಗಿ ಬರುವ ಬಲವಾದ ಆಕ್ಷೇಪ ಹಣದ್ದು. ನಿಯಮ ಬಿಗಿಯಾದಾಗ ಹೊಸ ಕಾರು ಕೊಳ್ಳುವವನಿಗೆ ಲಾಭ. ಹತ್ತು ವರ್ಷ ಕಳೆದ ಮೇಲೆ ಅದೇ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವನ ತಲೆಗೆ ರಿಪೇರಿ ಬೀಳುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. 1990ರ ತಿದ್ದುಪಡಿಯೇ ಇಲ್ಲಿ ಎಡವಿದೆ. ಕನ್ವರ್ಟರಿಗೂ ಕಂಪ್ಯೂಟರಿಗೂ ಎಂಟು ವರ್ಷ ಅಥವಾ 80,000 ಮೈಲಿಯ ವಾರಂಟಿ ಕೊಟ್ಟಿತು. ಉಳಿದ ಹೊಗೆ ನಿಯಂತ್ರಣ ಭಾಗಗಳಿಗೆ ಮೊದಲಿದ್ದ ಐದು ವರ್ಷ, 50,000 ಮೈಲಿಯನ್ನು ಎರಡು ವರ್ಷ, 24,000 ಮೈಲಿಗೆ ಇಳಿಸಿತು. ಆಕ್ಸಿಜನ್ ಸೆನ್ಸರ್ ಆ ಉಳಿದವುಗಳ ಗುಂಪಿಗೆ ಸೇರಿದ್ದು. ಆದರೆ ಗಮನಿಸಬೇಕಾದ್ದೇನೆಂದರೆ, ಇದು ನಿಯಮ ಬಿಗಿಯಾದದ್ದರಿಂದ ಆದ ಅನ್ಯಾಯವಲ್ಲ, ಒಂದು ಕಡೆ ಸಡಿಲವಾದದ್ದರಿಂದ ಆದದ್ದು. ಬಡ ಮಾಲೀಕನ ಹೊರೆ ಇಳಿಸಲು ಬೇಕಾದದ್ದು ಉದ್ದದ ವಾರಂಟಿ ಮತ್ತು ರಿಪೇರಿಗೆ ನೆರವು. ಪರೀಕ್ಷೆಯಲ್ಲಿ ಫೇಲಾದ ಗಾಡಿಯ ರಿಪೇರಿಗೆ ಕಡಿಮೆ ಆದಾಯದವರಿಗೆ ಹಣ ಕೊಡುವ ಯೋಜನೆಯನ್ನು ಕ್ಯಾಲಿಫೋರ್ನಿಯಾ ನಡೆಸಿಕೊಂಡು ಬಂದಿದೆ.

ನಮ್ಮಲ್ಲಿ ಈ ಚರಿತ್ರೆ ತಡವಾಗಿ ಬಂತು, ಬಂದಮೇಲೆ ಓಡಿತು. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ, ಅದೇ ಬಾಷ್ ಕಂಪನಿಯ ಭಾರತದ ಶಾಖೆ, ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳಿಂದ ಹೆಸರು ಮಾಡಿತ್ತು. ಸೆನ್ಸರ್ ಬೇಕಾದ ಕಾರುಗಳೇ ಆಗ ಇಲ್ಲಿರಲಿಲ್ಲ. 1995ರ ಏಪ್ರಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದು ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸುಗಳಲ್ಲಿ ಮಾತ್ರ. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಸೀಸರಹಿತ ಪೆಟ್ರೋಲ್ ದೇಶಕ್ಕೆಲ್ಲ ಬಂದದ್ದು 2000ದ ಫೆಬ್ರುವರಿಯಲ್ಲಿ. ಭಾರತ್ ಸ್ಟೇಜ್ ಹೊಗೆ ಮಿತಿಗಳ ಮೂರನೇ ಹಂತ ಬಿಎಸ್-3 ಬೆಂಗಳೂರಿಗೆ 2005ರಲ್ಲಿ, ಬಿಎಸ್-4 2010ರಲ್ಲಿ ಬಂದವು; ಐದನೆಯದನ್ನು ದಾಟಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಇಡೀ ದೇಶಕ್ಕೆ ಒಟ್ಟಿಗೇ ಬಂತು. ಅಮೆರಿಕದವರು ಮೂರು ದಶಕದಲ್ಲಿ ಅರೆಮನಸ್ಸಿನಿಂದ ಕಲಿತದ್ದನ್ನು ನಮ್ಮ ಮೆಕ್ಯಾನಿಕ್ಕುಗಳು ಅದರ ಅರ್ಧ ಸಮಯದಲ್ಲಿ ಕಲಿಯಬೇಕಾಯಿತು. ಕಾರ್ಬೊರೇಟರ್ ಟ್ಯೂನ್ ಮಾಡಿ ಹೆಸರಾದ ಕೈಗಳಿಗೆ ಲ್ಯಾಪ್‌ಟಾಪು ಬಂತು. ನಡುವೆ ಕಲಬೆರಕೆ ಪೆಟ್ರೋಲ್ ತನ್ನ ಪಾಲಿನ ಹಾನಿ ಮಾಡಿತು. ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟಿನ ಚೀಟಿ ಸಿಕ್ಕಿದರೆ ಸಾಕು, ಗಾಡಿ ಸರಿಯಿದೆ ಎಂಬ ಭಾವನೆ ಇಲ್ಲಿ ಬಲವಾಗಿದೆ. ನಿಂತ ಗಾಡಿಯ ಹೊಗೆ ಅಳೆಯುವ ಆ ಪರೀಕ್ಷೆಗೂ, ಓಡುವಾಗ ಸೆನ್ಸರ್ ನೀಡುವ ವರದಿಗೂ ಬಹಳ ಅಂತರ. ದೀಪ ಹತ್ತಿದ ಕಾರು ಚೀಟಿ ಪಡೆಯಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ದೀಪ ಹತ್ತಿದ್ದರೆ ಅಲ್ಲಿಗೇ ಫೇಲ್.

ಇತ್ತೀಚಿನ ಎಥನಾಲ್ ಬೆರೆತ ಪೆಟ್ರೋಲಿನ ಗಲಾಟೆಯಲ್ಲೂ ಸೆನ್ಸರಿನ ಪಾತ್ರವನ್ನು ಯಾರೂ ಹೇಳುತ್ತಿಲ್ಲ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊತ್ತು ಬರುತ್ತದೆ, ಹಾಗಾಗಿ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಸೆನ್ಸರ್ ಇರುವ ಕಾರು ಆ ಕೊರತೆಯನ್ನು ಗುರುತಿಸಿ, ತನ್ನ ಮಿತಿಯೊಳಗೆ ಪಾಲು ಹೆಚ್ಚಿಸಿಕೊಳ್ಳುತ್ತದೆ. ಮೈಲೇಜು ಇಳಿಯುವುದನ್ನಾಗಲಿ, ಹಳೆಯ ರಬ್ಬರ್ ಕೊಳವೆಗಳು ಕೆಡುವುದನ್ನಾಗಲಿ ಅದು ತಡೆಯಲಾರದು. ಕಾರ್ಬೊರೇಟರಿನ ಗಾಡಿಗೆ ಅಷ್ಟೂ ಆಗದು.

ನಮ್ಮ ಮಾಲೀಕರ ದೂರಿನಲ್ಲಿ ನಿಜವಾಗಿ ತೂಕವಿರುವ ಭಾಗ ರಿಪೇರಿ ಮಾಹಿತಿಗೆ ಹಾಕಿದ ಬೀಗದ್ದೇ. ಅಮೆರಿಕದಲ್ಲಿ ಶುದ್ಧ ಗಾಳಿ ಕಾಯ್ದೆ ಮಾಡಿದ ಕೆಲಸ ಇಲ್ಲಿ ಸ್ಪರ್ಧಾ ಆಯೋಗದ ಪಾಲಿಗೆ ಬಂತು. 2014ರ ಆಗಸ್ಟಿನಲ್ಲಿ ಆಯೋಗ, ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು; ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ ರಿಪೇರಿ ಹಕ್ಕಿನ ಜಾಲತಾಣದಲ್ಲಿ ವಾಹನಗಳೂ ಸೇರಿವೆ. ಬಿಎಸ್-6ರ ಎರಡನೇ ಹಂತ 2023ರ ಏಪ್ರಿಲ್‌ನಲ್ಲಿ ಬಂದಾಗ, ರಸ್ತೆಯಲ್ಲೇ ಹೊಗೆ ಅಳೆಯುವ ಪರೀಕ್ಷೆಯನ್ನು ಕಂಪನಿಗಳು ಎದುರಿಸಬೇಕಾಯಿತು. ಕಾರು ತಯಾರಿಸುವವನಿಗೆ ಇಷ್ಟು ಬಿಗಿಯಾದ ನಿಯಮ, ಅದೇ ಕಾರನ್ನು ಏಳನೇ ವರ್ಷ ರಿಪೇರಿ ಮಾಡುವ ಶಿವಮೊಗ್ಗದ ಅಥವಾ ಗದಗಿನ ಗ್ಯಾರೇಜಿನವನ ಕೈಗೆ ಮಾಹಿತಿ ತಲುಪಿಸುವ ವಿಷಯಕ್ಕೂ ಬರಬೇಕಾಗಿದೆ.